2.4 ಲಕ್ಷ ಕಿ.ಮೀ. ಓಡಿದ ಪೆಟ್ರೋಲ್ ಕಾರು, ಐಡ್ಲಿಂಗ್‌ನಲ್ಲಿ ಮಿಸ್‌ಫೈರ್

ಪ್ರಶ್ನೆ:
ನಾಲ್ಕು ಸಿಲಿಂಡರ್, ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ (ಕಿಡಿಗೆ ವಿದ್ಯುತ್ ಕೊಡುವ ಭಾಗ). ನಿಂತಲ್ಲಿ ಗಡಗಡ ನಡುಗುತ್ತೆ, ಸ್ಕ್ಯಾನರ್‌ನಲ್ಲಿ ಪಿ0302, ಅಂದರೆ 2ನೇ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ (ಮಿಸ್‌ಫೈರ್). ಹೊಸ ಪ್ಲಗ್ ಹಾಕಿದರೂ ಹೋಗಿಲ್ಲ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸಲೇ?

ಉತ್ತರ 1:
ಈಗಲೇ ಬೇಡ. 2ನೇ ಕಾಯಿಲ್ಲನ್ನು 3ಕ್ಕೆ ಹಾಕಿ, 3ರದ್ದನ್ನು ಇಲ್ಲಿಗೆ ತನ್ನಿ, ಕೋಡ್ ಅಳಿಸಿ ಓಡಿಸಿ. ಪಿ0303 ಬಂದರೆ ಕಾಯಿಲ್ಲೇ ಕಳ್ಳ. ಬಿಚ್ಚಿದಾಗ ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಡಿ. ಆಯಿಲ್ ನಿಂತಿದ್ದರೆ ವಾಲ್ವ್ ಕವರ್ ಸೀಲ್ ಹೋಗಿದೆ. ಆ ಆಯಿಲ್‌ಗೆ ಕಾಯಿಲ್ ಬೂಟಿನ (ಪ್ಲಗ್ ಮೇಲೆ ಕೂರುವ ತುದಿಯ) ರಬ್ಬರ್ ಊದಿ, ಕಿಡಿ ಪಕ್ಕಕ್ಕೆ ಹಾರುತ್ತೆ. ಸೀಲ್ ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಅಷ್ಟೇ.

ಉತ್ತರ 2:
ಕಾಯಿಲ್ ಅದಲು ಬದಲು ಮಾಡಿದರೂ ಕೋಡ್ 2ರಲ್ಲೇ ಉಳಿದರೆ ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರ್‌ನೊಳಗಿನ ಒತ್ತಡ) ನೋಡಿ. ಎಂಜಿನ್ ಬಿಸಿಯಿರಲಿ, ನಾಲ್ಕೂ ಪ್ಲಗ್ ಹೊರಗೆ, ಇಂಧನ ಪಂಪ್ ಫ್ಯೂಸ್ ಮತ್ತು ಕಾಯಿಲ್ ಕನೆಕ್ಟರ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ. 2ನೆಯದು ಬಹಳ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಕಂಪ್ರೆಷನ್ ಸರಿಯಿದ್ದರೆ ಮಾತ್ರ ಇಂಜೆಕ್ಟರ್ ಕಡೆ ಕೈ ಹಾಕಿ, ಅದನ್ನೂ ಮೊದಲು ಅದಲು ಬದಲು ಮಾಡಿಯೇ.

ಉತ್ತರ 3:
ಎಂಜಿನ್ ಲೈಟ್ ಮಿಟುಕುತ್ತಿದ್ದರೆ ಓಡಿಸಲೇಬೇಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೇ ಕರಗಿಸುತ್ತೆ.