ದೇವರಾಜ ಮಾರುಕಟ್ಟೆಯ ಫೋಟೊಗಳನ್ನು ಬೀದಿಯಲ್ಲೇ ತೋರಿಸಬೇಕು: ಮಾಡಿದವರು ಅನುಭವ ಹೇಳ್ತೀರಾ?

ಕೇಳಿದವರು, ಮೈಸೂರು

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ದೇವರಾಜ ಮಾರುಕಟ್ಟೆಯಲ್ಲಿ ಫೋಟೊ ತೆಗೆಯುತ್ತಿದ್ದೇನೆ. ಪೋಸ್ ಕೊಟ್ಟದ್ದಲ್ಲ, ಎಲ್ಲಾ ಕ್ಯಾಂಡಿಡ್. ವೀಳ್ಯದೆಲೆ ಎಣಿಸುವವರು, ಮೊಳ ಹಾಕಿ ಹೂವು ಅಳೆಯುವವರು, ಕುಂಕುಮದ ರಾಶಿ ಹಿಂದೆ ತೂಕಡಿಸುವವರು ಹೀಗೆ. ಗ್ಯಾಲರಿಯಲ್ಲಿ ಇಡು ಅಂತ ಸ್ನೇಹಿತರು ಹೇಳುತ್ತಾರೆ. ಆದರೆ ಈ ಫೋಟೊಗಳಲ್ಲಿ ಇರುವವರು ಯಾರೂ ಗ್ಯಾಲರಿಗೆ ಬರಲ್ಲ. ಅವರು ಇರುವ ಕಡೆಯೇ, ಮಾರ್ಕೆಟ್ ಸುತ್ತಮುತ್ತ ಎರಡು ಮೂರು ದಿನ ತೂಗು ಹಾಕಬೇಕು ಅಂತ ಆಸೆ. ಜಲವರ್ಣ ಮಾಡುವ ಗೆಳತಿಯೊಬ್ಬಳು ಅದೇ ಮಾರ್ಕೆಟ್‌ನ ಚಿತ್ರಗಳ ಜೊತೆ ಸೇರಿಕೊಳ್ಳುತ್ತಾಳೆ.

ಅನುಮತಿ ಯಾರ ಹತ್ತಿರ ಕೇಳೋದು? ಫೋಟೊದಲ್ಲಿ ಇರುವವರ ಒಪ್ಪಿಗೆ ಬೇಕಾ? ಬಿಸಿಲು, ಧೂಳಿಗೆ ತಡೆಯುವ ಪ್ರಿಂಟ್ ಯಾವುದು? ಖರ್ಚು ನಮ್ಮ ಜೇಬಿನದ್ದೇ, ಪ್ರಾಯೋಜಕರು ಯಾರೂ ಇಲ್ಲ.

ಬೆಂಗಳೂರಿನಿಂದ, ಬೀದಿ ಪ್ರದರ್ಶನಗಳನ್ನು ನಡೆಸಿದವರು

ಮೊದಲು ಆ ಗೋಡೆ ಯಾರದು ಅಂತ ಪತ್ತೆ ಮಾಡಿ. ಅರ್ಧ ಕೆಲಸ ಅದೇ. ಬೀದಿ ಅಂದರೆ ಎಲ್ಲರದು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಪ್ರತಿ ಅಡಿಗೂ ಒಬ್ಬ ಯಜಮಾನ ಇರುತ್ತಾನೆ. ಫುಟ್‌ಪಾತ್ ಪಾಲಿಕೆಯದು. ಕಂಬ ವಿದ್ಯುತ್ ಕಂಪನಿಯದು, ಅದರ ತಂಟೆಗೆ ಹೋಗಲೇಬೇಡಿ. ಪಾರ್ಕ್ ಆದರೆ ಇನ್ನೊಂದು ಕಥೆ: ಇಲ್ಲಿ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ, ಬಡಾವಣೆಯ ಸಣ್ಣ ಪಾರ್ಕುಗಳು ಪಾಲಿಕೆಯ ಕೈಯಲ್ಲಿ. ದೇವರಾಜ ಮಾರುಕಟ್ಟೆ ನಿಮ್ಮ ಮಹಾನಗರ ಪಾಲಿಕೆಯ ಕಟ್ಟಡ, ಪಾರಂಪರಿಕ ಕಟ್ಟಡ ಬೇರೆ. 2016ರಲ್ಲಿ ಅದರ ಒಂದು ಭಾಗ ಕುಸಿದು ಬಿದ್ದದ್ದು ನಿಮಗೇ ಗೊತ್ತು. ಹಾಗಾಗಿ ಅಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯುತ್ತೇನೆ ಅಂದರೂ ಯಾರೂ ಸಹಿ ಹಾಕಲ್ಲ. ಮೊಳೆ ಇಲ್ಲದ ಯೋಜನೆ ಇಟ್ಟುಕೊಂಡೇ ಕಚೇರಿಗೆ ಹೋಗಿ.

ಇನ್ನೊಂದು, 1981ರ ಕರ್ನಾಟಕ ಬಯಲು ಸ್ಥಳಗಳ ವಿರೂಪ ತಡೆ ಕಾಯ್ದೆ ಅಂತ ಇದೆ. ಸಾರ್ವಜನಿಕರಿಗೆ ಕಾಣುವ ಗೋಡೆಯ ಮೇಲೆ ಅನುಮತಿ ಇಲ್ಲದೆ ಅಂಟಿಸುವುದು, ಬರೆಯುವುದು ಅಪರಾಧ. ಶುರುವಿನಿಂದಲೂ ಅದು ಮೈಸೂರಿಗೆ ಅನ್ವಯ. ಕಲೆಗೆ ವಿನಾಯಿತಿ ಸಿಗುತ್ತೆ ಅಂದುಕೊಳ್ಳಬೇಡಿ. ಸಿನಿಮಾ ಪೋಸ್ಟರ್ ಅಂಟಿಸಿದವನಿಗೆ ಏನೂ ಆಗಲ್ಲ, ನಮ್ಮನ್ನು ಮಾತ್ರ ಕರೆದು ಕೇಳುತ್ತಾರೆ, ಅದು ಬೇರೆ ಮಾತು ಬಿಡಿ.

ನಾವು ಮಾಡುವುದು ಹೀಗೆ. ಒಂದೇ ಪುಟದ ಪತ್ರ, ಕನ್ನಡದಲ್ಲಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ಅಡಿ ಜಾಗ, ಮೈಕ್ ಇಲ್ಲ, ವೇದಿಕೆ ಇಲ್ಲ, ಮಾರಾಟ ಇಲ್ಲ, ಓಡಾಡುವ ದಾರಿಗೆ ಅಡ್ಡಿಯಿಲ್ಲ, ಕೊನೆಗೆ ಜಾಗ ಗುಡಿಸಿ ಕೊಡುತ್ತೇವೆ. ಪತ್ರದ ಜೊತೆ ನಾಲ್ಕೈದು ಫೋಟೊಗಳ ಸಣ್ಣ ಪ್ರಿಂಟ್ ಪಿನ್ ಮಾಡಿ. ಇದು ಬಹಳ ಕೆಲಸಕ್ಕೆ ಬರುತ್ತೆ. ಪ್ರದರ್ಶನ ಅಂದ ತಕ್ಷಣ ಅಧಿಕಾರಿಗೆ ಧರಣಿ, ಪ್ರತಿಭಟನೆ ನೆನಪಾಗುತ್ತೆ. ಹೂವಿನ ಅಂಗಡಿ ಫೋಟೊ ನೋಡಿದರೆ ಮುಖ ಸಡಿಲ ಆಗುತ್ತೆ. ಅದೇ ಪತ್ರದ ಇನ್ನೊಂದು ಪ್ರತಿ ಪೊಲೀಸ್ ಠಾಣೆಗೆ. ಎರಡೂ ಕಡೆ ಸೀಲ್ ಹಾಕಿಸಿಕೊಂಡ ಪ್ರತಿ ನಿಮ್ಮ ಬ್ಯಾಗ್‌ನಲ್ಲಿ ಇರಲಿ. ಬೀಟ್ ಪೊಲೀಸರು ಬಂದು ಕೇಳಿದಾಗ ಆ ಸೀಲ್ ಒಂದೇ ಉತ್ತರ. ಬೆಂಗಳೂರಿನಲ್ಲಿ ಮಾಡುವವರು ಇದನ್ನು ಓದುತ್ತಿದ್ದರೆ: ಬಿಬಿಎಂಪಿ ಹೋಗಿ 2025ರಲ್ಲಿ ಐದು ಪಾಲಿಕೆ ಆಗಿವೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅಂತ ನೋಡಿಕೊಂಡು ಪತ್ರ ಬರೆಯಿರಿ, ಇಲ್ಲದಿದ್ದರೆ ಕಚೇರಿಯಿಂದ ಕಚೇರಿಗೆ ಅಲೆಸುತ್ತಾರೆ.

ಇದೆಲ್ಲ ತಲೆನೋವು ಬೇಡ ಅನಿಸಿದರೆ ಈಗಾಗಲೇ ನಡೆಯುವ ಜಾತ್ರೆಯೊಳಗೆ ಸೇರಿಕೊಳ್ಳಿ. ಇಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ 2003ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಕುಮಾರಕೃಪಾ ರಸ್ತೆಯಲ್ಲಿ. ಅದು ಹೆಚ್ಚಾಗಿ ಚಿತ್ರಕಾರರ ಸಂತೆ, ನಿಮ್ಮ ಗೆಳತಿಗೆ ಸರಿಹೊಂದುತ್ತೆ. ನಿಮ್ಮೂರಲ್ಲಿ ರಂಗಾಯಣದ ಬಹುರೂಪಿ ನಾಟಕೋತ್ಸವ ಇದೆಯಲ್ಲ, ನಾಟಕಕ್ಕೆ ಬಂದವರು ಆವರಣದಲ್ಲಿ ಗಂಟೆಗಟ್ಟಲೆ ಇರುತ್ತಾರೆ, ಅಲ್ಲಿ ಕೇಳಿ ನೋಡಿ.

ಧಾರವಾಡದಿಂದ, ಪತ್ರಿಕಾ ಛಾಯಾಗ್ರಾಹಕರು

ಅನುಮತಿ ವಿಷಯ ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ಒಪ್ಪಿಗೆ ಬಗ್ಗೆ ಅಷ್ಟೇ ಹೇಳುತ್ತೇನೆ.

ನೋಡ್ರಿ, ಬಯಲಲ್ಲಿ ಫೋಟೊ ತೆಗೆಯುವುದು ಒಂದು, ಅದನ್ನು ನಾಲ್ಕು ಅಡಿ ಮಾಡಿ ಅವರ ಬೀದಿಯಲ್ಲೇ ತೂಗು ಹಾಕುವುದು ಇನ್ನೊಂದು. ಮಾರ್ಕೆಟ್‌ನಲ್ಲಿ ಸಾವಿರ ಜನ ಅವರನ್ನು ನೋಡುತ್ತಾರೆ, ನಿಜ. ಆದರೆ ಯಾರೂ ನಿಂತು ದಿಟ್ಟಿಸಿ ನೋಡಲ್ಲ. ನಿಮ್ಮ ಪ್ರಿಂಟ್ ಮುಂದೆ ದಿಟ್ಟಿಸಿ ನೋಡುತ್ತಾರೆ, ಬೆರಳು ತೋರಿಸಿ ನಗುತ್ತಾರೆ ಕೂಡ.

ನಮ್ಮ ಕಡೆ ಸಂತೆಯಲ್ಲಿ ಹೀಗೆ ಮಾಡುವ ಮುಂಚೆ ಸಣ್ಣ ಪ್ರಿಂಟ್‌ಗಳನ್ನು ಕವರ್‌ನಲ್ಲಿ ಹಾಕಿಕೊಂಡು ಒಬ್ಬೊಬ್ಬರ ಹತ್ತಿರ ಹೋದೆ. ಮೆಣಸಿನಕಾಯಿ ಮಾರುವ ಅಮ್ಮ ಒಬ್ಬರು ಪ್ರಿಂಟ್ ಕೈಗೆ ತಗೊಂಡರು, ಸೆರಗಿನಿಂದ ಒರೆಸಿದರು, ದೂರ ಹಿಡಿದು ನೋಡಿದರು. ನನ್ನ ಪ್ರಕಾರ ಇಡೀ ಸಾಲಿನಲ್ಲಿ ಅದೇ ಒಳ್ಳೆಯ ಫೋಟೊ, ಸೀನು ಬರುವ ಹೊತ್ತಿಗೆ ಮುಖ ಹಿಂಡಿಕೊಂಡ ಕ್ಷಣ. ಅವರು ಹೇಳಿದ್ದು: ‘ಇದರಾಗ ನನ್ನ ತಲಿ ಮ್ಯಾಲೆ ಸೆರಗ ಇಲ್ಲ. ನನ್ನ ಮಗ ನೋಡಿದ್ರ ಬೈತಾನ. ಇದು ಬ್ಯಾಡ.’ ನನಗೆ ಕಂಡದ್ದು ಸೀನು, ಅವರಿಗೆ ಕಂಡದ್ದು ಸೆರಗು! ತೆಗೆದೆ. ತಕ್ಕಡಿ ಹಿಡಿದ ಇನ್ನೊಂದು ಇತ್ತು, ಅದನ್ನು ಅವರೇ ಆರಿಸಿದರು. ಪ್ರದರ್ಶನದ ದಿನ ಗಿರಾಕಿಗಳನ್ನು ಕರೆದು ತೋರಿಸಿದವರೂ ಅವರೇ.

ಕಾನೂನು ಕೇಳುತ್ತೀರಿ ಅಂದರೆ, ಬಯಲು ಜಾಗದಲ್ಲಿ ಫೋಟೊ ತೆಗೆಯುವುದಕ್ಕೇ ನಿಷೇಧ ಅಂತ ಇಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ ಆಗಿದೆ. ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರೇ. ಜಾಹೀರಾತಿಗೆ ಬಳಸಿದರೆ ಬರೆದುಕೊಟ್ಟ ಒಪ್ಪಿಗೆ ಬೇಕೇ ಬೇಕು ಅಂತ ಇಟ್ಟುಕೊಳ್ಳಿ. ನಿಮ್ಮ ಪ್ರದರ್ಶನಕ್ಕೆ ಬಾಯಿಮಾತಿನ ಒಪ್ಪಿಗೆ ಸಾಕು ಅಂತ ನನ್ನ ಅಭಿಪ್ರಾಯ. ಫಾರಂ ತಗೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿದರೆ ಅವರಿಗೆ ಸಾಲದ ಪತ್ರ ಅನಿಸುತ್ತೆ. ಮಕ್ಕಳದ್ದಾದರೆ ಮಾತ್ರ ತಂದೆ ತಾಯಿ ಸಿಗದೆ ಹಾಕಬೇಡಿ. ಭಿಕ್ಷೆ ಬೇಡುವ ಮಕ್ಕಳು, ಕೆಲಸಕ್ಕೆ ನಿಂತ ಮಕ್ಕಳು ಅಂತೂ ಬೇಡವೇ ಬೇಡ. ಮಕ್ಕಳ ಫೋಟೊ ಅಂದರೆ ನಿಮ್ಮ ಊರಿನ ಟಿ.ಎಸ್. ಸತ್ಯನ್ ಅವರನ್ನು ನೆನೆಸಿಕೊಳ್ಳಬೇಕು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷಕ್ಕೆ, ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕ್‌ನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಆದವು.

ಮಂಗಳೂರಿನಿಂದ

ಎಲ್ಲರನ್ನೂ ಕೇಳುತ್ತಾ ಹೋದರೆ ಅದು ಕ್ಯಾಂಡಿಡ್ ಹೇಗಾಗುತ್ತೆ ಸರ್? ಒಬ್ಬೊಬ್ಬರೂ ತಮಗೆ ಚಂದ ಕಾಣುವುದನ್ನೇ ಆರಿಸಿದರೆ ಕೊನೆಗೆ ಸ್ಟುಡಿಯೊ ಆಲ್ಬಂ ಆಗುತ್ತೆ. ಅಮೆರಿಕದ ಛಾಯಾಗ್ರಾಹಕ ಫಿಲಿಪ್ ಲೋರ್ಕಾ ಡಿಕೋರ್ಸಿಯಾ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಫ್ಲ್ಯಾಶ್ ಇಟ್ಟು ದಾರಿಹೋಕರ ಮುಖಗಳನ್ನು ತೆಗೆದರು, 2001ರಲ್ಲಿ ಗ್ಯಾಲರಿಯಲ್ಲಿ ತೋರಿಸಿದರು. ಅದರಲ್ಲಿದ್ದ ವೃದ್ಧರೊಬ್ಬರು ಧಾರ್ಮಿಕ ಕಾರಣಕ್ಕೆ ಕೇಸ್ ಹಾಕಿದರು. 2006ರಲ್ಲಿ ಕೋರ್ಟ್ ಅದನ್ನು ಕಲೆ ಅಂತ ಒಪ್ಪಿ ಕೇಸ್ ವಜಾ ಮಾಡಿತು.

ಧಾರವಾಡದಿಂದ, ಮತ್ತೆ

ಕೇಸ್ ಗೆದ್ದರು ಸರಿ. ಆದರೆ ಅದು ಅಲ್ಲಿನ ಕಾನೂನು, ಅದೂ ಗ್ಯಾಲರಿ. ಇವರು ನಾಳೆ ಬೆಳಿಗ್ಗೆ ಮತ್ತೆ ಅದೇ ಮಾರ್ಕೆಟ್‌ಗೆ ಹೋಗಿ ಸೊಪ್ಪು ತರಬೇಕು. ತೆಗೆಯುವಾಗ ಕೇಳಬೇಕಾಗಿಲ್ಲ, ತೂಗು ಹಾಕುವ ಮುಂಚೆ ತೋರಿಸಿ ಅಂತ ಅಷ್ಟೇ ನಾನು ಹೇಳಿದ್ದು. ಗುಂಪಿನ ಫೋಟೊದಲ್ಲಿ ಹಿಂದೆ ಕಾಣುವವರನ್ನೆಲ್ಲ ಹುಡುಕುತ್ತಾ ಹೋಗಿ ಅಂತ ಅಲ್ಲ.

ಶಿವಮೊಗ್ಗದಿಂದ, ಪ್ರಿಂಟಿಂಗ್ ಅಂಗಡಿಯವರು

ಕಾನೂನು ಗೊತ್ತಿಲ್ಲ, ಪ್ರಿಂಟ್ ಗೊತ್ತು. ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದಲೇ ನಿಷೇಧ, ಆಮೇಲೆ ಪಾಲಿಕೆಯವರಿಗೆ ಕಿತ್ತು ಹಾಕಲು ನೀವೇ ನೆಪ ಕೊಟ್ಟ ಹಾಗೆ. ಮೇಲಾಗಿ ಫ್ಲೆಕ್ಸ್ ಮೇಲೆ ಬಂದ ಮುಖ ಯಾವುದೇ ಇರಲಿ, ಹುಟ್ಟುಹಬ್ಬದ ಶುಭಾಶಯದ ಬ್ಯಾನರ್ ಥರ ಕಾಣುತ್ತೆ.

ಎರಡು ಮೂರು ದಿನಕ್ಕಾದರೆ ದಪ್ಪ ಆರ್ಟ್ ಕಾರ್ಡ್ ಮೇಲೆ 12x18 ಇಂಚಿನ ಡಿಜಿಟಲ್ ಪ್ರಿಂಟ್ ತೆಗೆಸಿ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, 5 ಎಂಎಂ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ಮೇಲೆ ಅಂಟಿಸಿ. ಈ ಸೈಜ್ ಎಲ್ಲಾ ಊರಲ್ಲೂ ಅಗ್ಗಕ್ಕೆ ಸಿಗುತ್ತೆ. ಗ್ಲಾಸಿ ಲ್ಯಾಮಿನೇಷನ್ ಮಾತ್ರ ಬೇಡ. ಬಯಲು ಬೆಳಕಲ್ಲಿ ಫೋಟೊ ಬದಲು ನೋಡುವವರ ಮುಖವೇ ಕಾಣುತ್ತೆ. ಕಪ್ಪು ಬಿಳುಪು ಫೋಟೊ ಆದರೆ ಮೊದಲು ಒಂದೇ ಒಂದು ಪ್ರಿಂಟ್ ತೆಗೆಸಿ, ಹಗಲ ಬೆಳಕಿಗೆ ಹಿಡಿದು ನೋಡಿ. ಡಿಜಿಟಲ್ ಪ್ರೆಸ್‌ನಲ್ಲಿ ಕಪ್ಪಿಗೆ ಹಸಿರು ಇಲ್ಲವೇ ಕೆಂಪು ಛಾಯೆ ಬರುವುದು ಜಾಸ್ತಿ. ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗಲ್ಲ, ಬೀದಿಯಲ್ಲಿ ಗೊತ್ತಾಗುತ್ತೆ.

ಮಧ್ಯಾಹ್ನದ ಬಿಸಿಲಿಗೆ ಸನ್‌ಬೋರ್ಡ್ ಬೆಂಡಾಗುತ್ತೆ. ಹಿಂದೆ ಅಡ್ಡಡ್ಡ ಎರಡು ರೀಪಿನ ಪಟ್ಟಿ ಅಂಟಿಸಿದರೆ ನಿಲ್ಲುತ್ತೆ. ಮೇಲೆ ಎರಡು ತೂತು, ಕೆಳಗೂ ಎರಡು ತೂತು ಹಾಕಿಸಿ. ಎಲ್ಲರೂ ಮೇಲಿನ ಎರಡಕ್ಕೇ ದಾರ ಕಟ್ಟುತ್ತಾರೆ, ಗಾಳಿ ಬಂದಾಗ ಬೋರ್ಡು ತಿರುಗಿ ಹಿಂಬದಿ ತೋರಿಸುತ್ತೆ, ಇಲ್ಲ ಹಾರಿ ಹೋಗಿ ಯಾರಿಗಾದರೂ ತಗಲುತ್ತೆ. ಕೆಳಗೂ ಬಿಗಿದರೆ ಆ ಗೋಳಿಲ್ಲ. ಇನ್ನು ಜಾಗ ನೋಡುವಾಗ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತೆ ನೋಡಿ. ಜನ ಬರೋದು ಬೆಳಿಗ್ಗೆ ಆದರೆ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಹುಡುಕಿ, ಆ ಹೊತ್ತಿಗೆ ಅದು ನೆರಳಲ್ಲಿ ಇರುತ್ತೆ.

ಜಲವರ್ಣದ ಮೂಲ ಚಿತ್ರ ದಯವಿಟ್ಟು ಹೊರಗೆ ಇಡಬೇಡಿ. ಒಂದು ಹನಿ ನೀರು ಸಾಕು, ಮುಗೀತು. ಸ್ಕ್ಯಾನ್ ಮಾಡಿಸಿ ಪ್ರಿಂಟ್ ಹಾಕಿ.

ಲಂಡನ್‌ನಿಂದ, ಹುಟ್ಟೂರು ಹಾಸನ

ಸನ್‌ಬೋರ್ಡ್‌ಗೂ ದುಡ್ಡಿಲ್ಲ ಅಂದರೆ ಅಂಟಿಸುವ ದಾರಿ ಒಂದಿದೆ. ಫ್ರಾನ್ಸ್‌ನ ಜೆಆರ್ ಅನ್ನುವ ಕಲಾವಿದ ಶುರು ಮಾಡಿದ್ದೇ ಫೋಟೊಗಳನ್ನು ಜೆರಾಕ್ಸ್ ಮಾಡಿ ಪ್ಯಾರಿಸ್ ಗೋಡೆಗಳಿಗೆ ಅಂಟಿಸಿ, ಸುತ್ತ ಬಣ್ಣದಲ್ಲಿ ಚೌಕಟ್ಟು ಬರೆದು. 2008ರಲ್ಲಿ ಬ್ರೆಜಿಲ್‌ನ ರಿಯೊದ ಬೆಟ್ಟದ ಮೇಲಿನ ಬಡವರ ಬಡಾವಣೆಯೊಂದರಲ್ಲಿ, ಅಲ್ಲಿಯದೇ ಹೆಂಗಸರ ಮುಖಗಳನ್ನು ಮನೆ ಗೋಡೆಗಳ ಮೇಲೆ ದೊಡ್ಡದಾಗಿ ಅಂಟಿಸಿದರು. ತೆಳು ಕಾಗದ, ಹಿಟ್ಟಿನ ಅಂಟು, ಅಷ್ಟೇ. ನಮ್ಮಲ್ಲಿ ಸಿನಿಮಾ ಪೋಸ್ಟರ್‌ಗೆ ಮೈದಾ ಅಂಟು ಕಾಯಿಸಿದ ಹಾಗೆ. ಖಾಸಗಿ ಕಾಂಪೌಂಡ್ ಗೋಡೆ, ಮಾಲೀಕರ ಪತ್ರ ಇದ್ದರೆ ಮಾತ್ರ ಈ ಕೆಲಸ.

ಶಿವಮೊಗ್ಗದಿಂದ

ಮೈದಾ ಅಂಟು ಹಾಕಿ ಎಮ್ಮೆ ದನದ ಎತ್ತರಕ್ಕೆ ಅಂಟಿಸಿದರೆ ಬೆಳಿಗ್ಗೆ ಫೋಟೊ ಇರಲ್ಲ, ದನ ತಿಂದು ಹೋಗಿರುತ್ತೆ. ಹುಳ ಬರಬಾರದು ಅಂತ ಕೆಲವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಬೀದಿಯಲ್ಲಿ ಬೇಡ.

ಕೇಳಿದವರು, ಮೈಸೂರು

ಇಷ್ಟೆಲ್ಲ ಹೇಳಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಒಂದು ಯೋಚನೆ ಬಂತು. ಗೋಡೆಯೇ ಬೇಡ, ಅವರವರ ಅಂಗಡಿಯಲ್ಲೇ ಅವರವರ ಫೋಟೊ ತೂಗು ಹಾಕಿದರೆ ಹೇಗೆ? ಹೂವು ನೇತು ಹಾಕುವ ಕೊಕ್ಕೆ, ಬಾಳೆಗೊನೆ ಕಟ್ಟುವ ಹಗ್ಗ ಅಲ್ಲಿ ಇದ್ದೇ ಇರುತ್ತೆ.

ಬೆಂಗಳೂರಿನಿಂದ

ಇದನ್ನೇ ಮಾಡಿ! ಸುಮ್ನೆ ಗೋಡೆ ಹಿಂದೆ ಬೀಳಬೇಡಿ. ಮೊಳೆಯ ಪ್ರಶ್ನೆ ಇಲ್ಲ, ಒಪ್ಪಿಗೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತೆ, ಬೇಡ ಅನ್ನುವವರು ತಮ್ಮ ಅಂಗಡಿಯಲ್ಲಿ ಹಾಕಿಸಿಕೊಳ್ಳಲ್ಲ ಅಷ್ಟೇ. ಕಾವಲೂ ಅವರದ್ದೇ. ಬೀದಿ ಪ್ರದರ್ಶನದಲ್ಲಿ ಒಂದೆರಡು ಪ್ರಿಂಟ್ ಕಳವಾಗುವುದು ಮಾಮೂಲು, ಅಂಗಡಿಯವರ ತಲೆ ಮೇಲೆ ನೇತಾಡುವುದನ್ನು ಯಾರು ಮುಟ್ಟುತ್ತಾರೆ? ಆದರೂ ಪಾಲಿಕೆಗೆ, ಠಾಣೆಗೆ ಪತ್ರ ಕೊಡುವುದನ್ನು ಬಿಡಬೇಡಿ. ಅಂಗಡಿಯವರ ಸಂಘದ ಮುಖ್ಯಸ್ಥರನ್ನು ಮೊದಲೇ ನೋಡಿ ಮಾತಾಡಿ. ಅವರನ್ನು ಬಿಟ್ಟು ನೇರ ಅಂಗಡಿಗಳಿಗೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನೋಡುವವರಿಗೆ ದಾರಿ ತಪ್ಪದಿರಲು ಬಾಗಿಲಲ್ಲಿ ನಿಮ್ಮ ಗೆಳತಿ ಕೈಯಲ್ಲಿ ಬರೆದ ಒಂದು ನಕ್ಷೆ ಇಡಿ, ಎಲೆ ಸಾಲು, ಹೂವಿನ ಸಾಲು, ಕುಂಕುಮದ ಸಾಲು ಅಂತ. ಅವಳ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಫೋಟೊ ಕೆಳಗಿನ ಬರಹ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಎರಡೇ ಸಾಲು. ಅವರ ಹೆಸರು ಹಾಕಬೇಕೋ ಬೇಡವೋ ಅಂತ ಅವರನ್ನೇ ಕೇಳಿ. ‘ದುಡಿಮೆಯ ಬೆವರು’ ಥರದ ಶೀರ್ಷಿಕೆ ಮಾತ್ರ ಬೇಡ ಮಾರಾಯರೇ.

ಮಂಗಳೂರಿನಿಂದ

ಅಂಗಡಿಯಲ್ಲಿ ಹಾಕುವುದಾದರೆ ನನ್ನ ತಕರಾರು ಇಲ್ಲ. ಸೀನುವ ಅಮ್ಮನ ಫೋಟೊ ಮಾತ್ರ ನನಗೆ ಒಮ್ಮೆ ನೋಡಬೇಕಿತ್ತು.

ಧಾರವಾಡದಿಂದ

ತೋರಿಸಲ್ಲ.

ಮೈಸೂರಿನಿಂದಲೇ, ಕಲಾ ಶಾಲೆಯ ಹಳೆಯ ವಿದ್ಯಾರ್ಥಿ

ದಸರಾ ಸಮಯದಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಜನ ಜಾಸ್ತಿ ಇರುತ್ತಾರೆ ಅನ್ನೋದು ನಿಜ, ಆದರೆ ಪೊಲೀಸರಿಗೂ ಪಾಲಿಕೆಗೂ ನಿಮ್ಮ ಪತ್ರ ನೋಡುವ ಪುರಸೊತ್ತು ಇರಲ್ಲ, ಅಂಗಡಿಯವರಿಗೆ ತಲೆ ಎತ್ತುವ ಪುರಸೊತ್ತೂ ಇರಲ್ಲ. ಮಳೆಯ ಭಯ ಬೇರೆ. ಜನವರಿ, ಫೆಬ್ರವರಿ ಒಳ್ಳೆಯದು, ಸಂಕ್ರಾಂತಿ ವ್ಯಾಪಾರ ಮುಗಿದ ಮೇಲೆ. ಕಟ್ಟೋದಕ್ಕೆ, ಬಿಚ್ಚೋದಕ್ಕೆ ಕೈ ಬೇಕಿದ್ದರೆ ನಮ್ಮೂರ ಕಲಾ ಕಾಲೇಜು ಕಾವಾದ ಹುಡುಗ ಹುಡುಗಿಯರನ್ನು ಕೇಳಿ, ಖಂಡಿತ ಬರುತ್ತಾರೆ. ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟು ರಿಪೇರಿ ಮಾಡಿಸಿದ ಕಲಾವಿದ ಬಾದಲ್ ನಂಜುಂಡಸ್ವಾಮಿ ಓದಿದ್ದೂ ಅಲ್ಲೇ, ಬೀದಿ ಕೆಲಸ ಅಂದರೆ ಅವರಿಗೆ ಹೊಸದಲ್ಲ.

ಮುಗಿದ ಮೇಲೆ ಪ್ರಿಂಟ್ ವಾಪಸ್ ತರಬೇಡಿ, ಅಂಗಡಿಯವರಿಗೇ ಬಿಡಿ. ಅದನ್ನು ಮೊದಲೇ ಹೇಳಿದರೆ ಒಪ್ಪುವವರೂ ಜಾಸ್ತಿ ಆಗುತ್ತಾರೆ. ಮೂಲೆಯಲ್ಲಿ ನಿಮ್ಮ ಹೆಸರು ಸಣ್ಣದಾಗಿ ಇರಲಿ. ಪ್ರಿಂಟ್ ಕೊಟ್ಟರೂ ಫೋಟೊದ ಹಕ್ಕು ನಿಮ್ಮದೇ. ಮುಂದೆ ಯಾವತ್ತಾದರೂ ಕ್ಯಾಲೆಂಡರ್, ಪೋಸ್ಟ್‌ಕಾರ್ಡ್ ಮಾಡಿ ಮಾರುವ ಮನಸ್ಸಾದರೆ ಆಗ ಮತ್ತೆ ಕೇಳಬೇಕಾಗುತ್ತೆ, ಬಂದದ್ದರಲ್ಲಿ ಅವರಿಗೂ ಪಾಲು ಕೊಡಬೇಕಾಗುತ್ತೆ.

ಪಾಲಿಕೆಗೆ ಬರೆಯುವ ಪತ್ರದ ಕರಡು ನನ್ನ ಹತ್ತಿರ ಇದೆ. ತಾರೀಖು, ಜಾಗ ಬದಲಿಸಿದರೆ ಸಾಕು. ಬೇಕಿದ್ದರೆ ಹೇಳಿ, ಕಳಿಸುತ್ತೇನೆ.