ಬೋರ್‌ವೆಲ್‌ನ ಫ್ಲೋರೈಡ್, ಬಾವಿಯ ನೈಟ್ರೇಟ್: ನೀರು ಪರೀಕ್ಷಿಸುವ ರಸಾಯನಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ನಮ್ಮ ರೈತರ ಬಳಗದಲ್ಲಿ ಈ ವಾರ ಕುಡಿಯುವ ನೀರಿನ ಬಗ್ಗೆ ಬಂದ ಪ್ರಶ್ನೆಗಳಿಗೆ, ಬಹಳ ವರ್ಷ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿರುವ ಸದಸ್ಯೆಯೊಬ್ಬರು ಉತ್ತರಿಸಿದ್ದಾರೆ. ಒಂದು ಪ್ರಶ್ನೆಗೆ ಬಳಗದ ರೇಡಿಯಾಲಜಿ ವೈದ್ಯರೂ ಉತ್ತರ ಬರೆದಿದ್ದಾರೆ.

ಪ್ರಶ್ನೆ (ಪಾವಗಡ ತಾಲ್ಲೂಕಿನಿಂದ): ಮೇಡಂ, ನಮ್ಮ ಹೊಲದಲ್ಲಿ 45 ಅಡಿಯ ಹಳೆಯ ತೆರೆದ ಬಾವಿಯೂ 620 ಅಡಿಯ ಬೋರ್‌ವೆಲ್ಲೂ ಇವೆ, ಎರಡರ ನಡುವೆ ನೂರು ಹೆಜ್ಜೆಯೂ ಇಲ್ಲ. ಎರಡರ ನೀರನ್ನೂ ಪರೀಕ್ಷೆಗೆ ಕೊಟ್ಟಿದ್ದೆ. ಬೋರ್‌ವೆಲ್‌ನಲ್ಲಿ ಲೀಟರಿಗೆ ಫ್ಲೋರೈಡ್ 2.8 ಮಿಲಿಗ್ರಾಂ, ನೈಟ್ರೇಟ್ 22 ಮಿಲಿಗ್ರಾಂ ಇದೆಯಂತೆ. ಬಾವಿಯಲ್ಲಿ ಫ್ಲೋರೈಡ್ 0.7, ನೈಟ್ರೇಟ್ 96. ಒಂದೇ ಹೊಲದ ನೀರು ಇಷ್ಟು ಬೇರೆ ಹೇಗಾಯಿತು? ಯಾವುದನ್ನು ಕುಡಿಯಬೇಕು?

ಉತ್ತರ: ಎರಡನ್ನೂ ಹಾಗೆಯೇ ಕುಡಿಯಬಾರದು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದ ಪ್ರಕಾರ (ಸಂಖ್ಯೆ 10500, 2012ರ ಆವೃತ್ತಿ) ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ನೈಟ್ರೇಟ್ ಮಿತಿ 45 ಮಿಲಿಗ್ರಾಂ, ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ನಿಮ್ಮ ಬೋರ್‌ವೆಲ್ ಮೊದಲನೆಯದರಲ್ಲಿ ಸೋತಿದೆ, ಬಾವಿ ಎರಡನೆಯದರಲ್ಲಿ.

ಫ್ಲೋರೈಡ್ ಬರುವುದು ಬಂಡೆಯಿಂದ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುವ ಶಿಲಾಪಟ್ಟಿ ಅಲ್ಲಿಂದ ಉತ್ತರಕ್ಕೆ ನಿಮ್ಮ ಪಾವಗಡದ ಮೇಲೆಯೇ ಹಾಯ್ದುಹೋಗುತ್ತದೆ. ಇಂಥ ಬಂಡೆಯಲ್ಲಿರುವ ಕಾಗೆಬಂಗಾರದ ಜಾತಿಯ ಖನಿಜಗಳಲ್ಲೂ ಅಪಟೈಟ್ ಮುಂತಾದವುಗಳಲ್ಲೂ ಫ್ಲೋರೈಡ್ ಇರುತ್ತದೆ. ಆಳದ ಬಿರುಕುಗಳಲ್ಲಿ ನೀರು ಬಹುಕಾಲ ನಿಂತಷ್ಟೂ ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತಿತ್ತು. ಅದಿಲ್ಲದ ಕಾರಣ ಫ್ಲೋರೈಡ್ ನೀರಿನಲ್ಲೇ ಕರಗಿ ಉಳಿಯುತ್ತದೆ. ನೈಟ್ರೇಟ್ ಮಾತ್ರ ಮೇಲಿನಿಂದ ಇಳಿಯುತ್ತದೆ: ಗೊಬ್ಬರದಿಂದ, ತಿಪ್ಪೆಯಿಂದ, ಶೌಚದ ಗುಂಡಿಯಿಂದ. ಹೀಗಾಗಿ ಮೇಲಿನ ನೀರಿನಲ್ಲಿ ಮನುಷ್ಯ ಸೇರಿಸಿದ ದೋಷ, ಕೆಳಗಿನ ನೀರಿನಲ್ಲಿ ಬಂಡೆಯ ದೋಷ. ಪಂಪು ಹಚ್ಚಿ ಹಚ್ಚಿ ಮೇಲಿನ ನೀರು ಬತ್ತಿದಾಗ ನಾವು ಇನ್ನೂರು ಅಡಿ ಹೆಚ್ಚು ಕೊರೆಸುತ್ತೇವೆ, ಅಷ್ಟು ಹಳೆಯ ನೀರನ್ನು ಮೇಲೆತ್ತುತ್ತೇವೆ. ಪರಿಸರದ ಮೇಲೆ ಕೃಷಿಯ ಪರಿಣಾಮ ಎಂದರೆ ಎಲ್ಲರೂ ಔಷಧಿ, ಗೊಬ್ಬರ ಎನ್ನುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಅಂತರ್ಜಲದ ಅತಿಬಳಕೆಯೂ ಅದರಲ್ಲಿ ಅಷ್ಟೇ ದೊಡ್ಡ ಪಾಲು ಎಂಬುದು ನನ್ನ ಅಭಿಪ್ರಾಯ.

ಅದೇ ಸದಸ್ಯರು: ನಾನು ಎಕರೆಗೆ ಎರಡು ಚೀಲ ಯೂರಿಯಾಗಿಂತ ಹೆಚ್ಚು ಹಾಕುವವನಲ್ಲ. ಅಷ್ಟರಿಂದ ಬಾವಿ ಕೆಡುತ್ತದೆಯೇ?

ಉತ್ತರ: ಲೆಕ್ಕ ಹಾಕೋಣ. ಚೀಲ 45 ಕಿಲೋ, ಅದರಲ್ಲಿ ಸಾರಜನಕ ನೂರಕ್ಕೆ 46 ಭಾಗ. ಎರಡು ಚೀಲಕ್ಕೆ ಸುಮಾರು 41 ಕಿಲೋ ಸಾರಜನಕವಾಯಿತು. ಲೆಕ್ಕಕ್ಕಾಗಿ ಅದರಲ್ಲಿ ಹತ್ತನೇ ಒಂದು ಭಾಗ ಮಾತ್ರ ಬೇರಿಗೆ ಸಿಗದೆ ಕೆಳಗಿಳಿಯಿತು ಎಂದುಕೊಳ್ಳಿ. ಆ 4.1 ಕಿಲೋ ಸಾರಜನಕವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆದಾಗ ತೂಕ ಸುಮಾರು 18 ಕಿಲೋ ಆಗುತ್ತದೆ. ನೈಟ್ರೇಟೇ ಇಲ್ಲದ ನಾಲ್ಕು ಲಕ್ಷ ಲೀಟರ್ ನೀರನ್ನು 45 ಮಿಲಿಗ್ರಾಂ ಮಿತಿಗೆ ಮುಟ್ಟಿಸಲು ಅಷ್ಟು ಸಾಕು. ನೈಟ್ರೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದಿಲ್ಲ, ನೀರು ಹೋದ ಕಡೆ ಹೋಗುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಂತೂ ಯೂರಿಯಾ ಎರಚಿದ ಮೇಲೆ ಜೋರು ಮಳೆ ಬಂದರೆ ತಡೆಯುವವರೇ ಇಲ್ಲ.

ಹಾಗೆಂದು ಎಲ್ಲ ತಪ್ಪನ್ನೂ ಯೂರಿಯಾದ ಮೇಲೆ ಹೊರಿಸಲಾರೆ. ಬಾವಿಯ ಮೇಲ್ದಿಕ್ಕಿನಲ್ಲಿ ತಿಪ್ಪೆಯೋ ಕೊಟ್ಟಿಗೆಯೋ ಇದೆಯೇ ನೋಡಿ. ತೆರೆದ ಬಾವಿಗಳಲ್ಲಿ ನೈಟ್ರೇಟ್ ಏರಿದ್ದಾಗ ನಾನು ಮೊದಲು ಕೇಳುವ ಪ್ರಶ್ನೆ ಅದು. ತಿಪ್ಪೆಯನ್ನು ದೂರಕ್ಕೆ, ಇಳಿಜಾರಿನ ಕೆಳಗೆ ಒಯ್ಯಿರಿ. ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ಬಿತ್ತನೆಯ ದಿನವೇ ಪೂರ್ತಿ ಸುರಿಯದೆ ಬೆಳೆ ಕೇಳುವ ಹೊತ್ತಿಗೆ ಕಂತುಗಳಲ್ಲಿ ಮೇಲುಗೊಬ್ಬರವಾಗಿ ಕೊಡಿ, ತೊಗರಿ ಅವರೆಯನ್ನು ನಡುವೆ ತನ್ನಿ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ಅದು ನೈಟ್ರೇಟ್ ಆಗುವ ವೇಗವನ್ನು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹೆಚ್ಚಾದ ಸಾರಜನಕದ ಇನ್ನೊಂದು ಪಾಲು ನೈಟ್ರಸ್ ಆಕ್ಸೈಡ್ ಅನಿಲವಾಗಿ ಗಾಳಿ ಸೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಯೇರಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ನಿಮ್ಮ ದುಡ್ಡೂ ಅದರ ಜೊತೆಗೇ ಹಾರಿಹೋಗುತ್ತದೆ.

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ): ಮೇಡಂ, ಮನೆಯಲ್ಲಿ ಮೂರು ತಿಂಗಳ ಮಗುವಿದೆ. ಬೋರ್ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ ಕೊಡುತ್ತೇವೆ. ಆರ್‌ಓ ಯಂತ್ರವೂ ಇದೆ. ನೀರು ಸಪ್ಪೆ ಎಂದಾಗ ರಿಪೇರಿಯವರು ಬಂದು ಒಂದು ಸ್ಕ್ರೂ ತಿರುಗಿಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 40 ಇದ್ದದ್ದನ್ನು 150 ಮಾಡಿಕೊಟ್ಟರು. ಇದು ಸರಿಯೇ?

ಉತ್ತರ: ಕುದಿಸುವುದರಿಂದ ರೋಗಾಣು ಸಾಯುತ್ತವೆ, ಅದು ಒಳ್ಳೆಯದೇ. ಆದರೆ ಫ್ಲೋರೈಡಾಗಲಿ ನೈಟ್ರೇಟಾಗಲಿ ಆವಿಯ ಜೊತೆ ಹೋಗುವ ವಸ್ತುವಲ್ಲ. ನೀರು ಇಂಗಿದಷ್ಟೂ ಉಳಿದದ್ದರಲ್ಲಿ ಅವುಗಳ ಪ್ರಮಾಣ ಏರುತ್ತದೆ.

ಮಗುವಿನ ವಿಷಯದಲ್ಲಿ ಇದನ್ನು ಗಮನವಿಟ್ಟು ಓದಿ. ಎಳೆಯ ಕೂಸಿನ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ಬದಲಾಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಬಾವಿ ನೀರಿಗೂ ಈ ತೊಂದರೆಗೂ ಇರುವ ಸಂಬಂಧವನ್ನು 1945ರಲ್ಲಿ ಅಮೆರಿಕದ ಅಯೋವಾದಲ್ಲಿ ಕೋಮ್ಲಿ ಎಂಬ ವೈದ್ಯರು ಮೊದಲು ವರದಿ ಮಾಡಿದರು. ಅಲ್ಲಿಯೂ ಅದು ಹೊಲಮನೆಗಳ ಬಾವಿಯ ನೀರೇ ಆಗಿತ್ತು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ನೀರು ಬೇಡವೇ ಬೇಡ. ಡಬ್ಬಿ ಹಾಲಿನ ಪುಡಿ ಕಲಸಲೇಬೇಕಾದ ಪರಿಸ್ಥಿತಿಯಿದ್ದರೆ ನೈಟ್ರೇಟ್ ಪರೀಕ್ಷಿಸಿದ ನೀರನ್ನು ಮಾತ್ರ ಬಳಸಿ.

ಇನ್ನು ಆ ಸ್ಕ್ರೂ. ಅದು ಯಂತ್ರದೊಳಗೆ ಲವಣ ಸೋಸುವ ಪೊರೆಯನ್ನು ಹಾಯದ ನೀರನ್ನು ಶುದ್ಧವಾದ ನೀರಿಗೆ ಬೆರೆಸುವ ಕವಾಟ. ರುಚಿ ಬರುವುದು ಅದಕ್ಕೇ. ನಿಮ್ಮ ಬೋರ್ ನೀರಿನಲ್ಲಿ ಫ್ಲೋರೈಡೋ ನೈಟ್ರೇಟೋ ಇದ್ದರೆ ಪೊರೆ ತೆಗೆದದ್ದನ್ನು ಆ ಸ್ಕ್ರೂ ವಾಪಸು ತಂದು ಲೋಟಕ್ಕೆ ಹಾಕುತ್ತದೆ. ಕೂಡಲೇ ಮುಚ್ಚಿಸಿ. ಟಿಡಿಎಸ್ ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಯಗೊಡುತ್ತದೆ ಎಂಬುದನ್ನು, ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆ ಅಷ್ಟೆ. ಟಿಡಿಎಸ್ 350 ಇರುವ, ಕುಡಿಯಲು ಸಿಹಿಯಾದ ನೀರಿನಲ್ಲಿ ಫ್ಲೋರೈಡ್ 2.5 ಇರಬಹುದು, ಟಿಡಿಎಸ್ 900 ಇರುವ ಗಡಸು ನೀರಿನಲ್ಲಿ ಅರ್ಧ ಮಿಲಿಗ್ರಾಮೂ ಇಲ್ಲದಿರಬಹುದು. ಮಾರುವವರು ಮನೆಗೆ ಬಂದು ಮೀಟರ್ ಅದ್ದಿ ತೋರಿಸುವ ಪ್ರದರ್ಶನವನ್ನು ನಾನು ಪರೀಕ್ಷೆ ಎಂದು ಒಪ್ಪುವುದಿಲ್ಲ.

ಪ್ರಶ್ನೆ (ಬಾಗೇಪಲ್ಲಿ ಕಡೆಯ ಶಿಕ್ಷಕರೊಬ್ಬರಿಂದ): ಅರವತ್ತೆರಡು ವರ್ಷದ ನಮ್ಮ ತಂದೆಯವರು ಎತ್ತಿನ ಗಾಡಿಯಿಂದ ಬಿದ್ದು ಕೈಗೆ ಪೆಟ್ಟಾಗಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆ ಮುರಿದಿಲ್ಲ, ಆದರೆ ಇಷ್ಟು ಬೆಳ್ಳಗೆ ಇರಬಾರದು, ನೀವು ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ಪೆಟ್ಟಿಗೂ ನೀರಿಗೂ ಏನು ಸಂಬಂಧ?

ರೇಡಿಯಾಲಜಿ ವೈದ್ಯರ ಉತ್ತರ: ಪೆಟ್ಟಿಗೆ ಸಂಬಂಧವಿಲ್ಲ, ಪೆಟ್ಟಿನ ನೆಪದಲ್ಲಿ ಇದು ಕಣ್ಣಿಗೆ ಬಿತ್ತು. ವರ್ಷಗಟ್ಟಲೆ ಫ್ಲೋರೈಡ್ ಸೇರಿದಾಗ ಮೂಳೆ ಸಾಂದ್ರವಾಗಿ ಎಕ್ಸ್‌ರೇಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಬೆನ್ನುಮೂಳೆ ಮತ್ತು ಸೊಂಟದ ಮೂಳೆಯಲ್ಲಿ ಇದು ಹೆಚ್ಚು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಗಟ್ಟಿಯಾಗಿ ಮುಳ್ಳುಮುಳ್ಳಾಗಿ ಕಾಣುವುದು ಫ್ಲೋರೋಸಿಸ್‌ನ, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ರೋಗದ, ಬಲವಾದ ಸುಳಿವು. ಕೈಯ ಎಕ್ಸ್‌ರೇ ನೋಡಿಯೇ ನಿಮ್ಮ ಡಾಕ್ಟರು ನೀರಿನ ಬಗ್ಗೆ ಕೇಳಿರುವುದರಿಂದ ಅವರು ಬಹುಶಃ ಅದನ್ನೇ ಗಮನಿಸಿರಬೇಕು. ನಮ್ಮ ದೇಶದಲ್ಲಿ ಈ ರೋಗವನ್ನು 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ವರದಿ ಮಾಡಲಾಗಿತ್ತು.

ಮೂಳೆ ಬೆಳ್ಳಗಿದೆ, ಗಟ್ಟಿಯಾಗಿದೆ ಎಂದು ಸಮಾಧಾನಪಡಬೇಡಿ. ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯಲ್ಲಿ ಇಂಥವರ ಅಂಕ ಉತ್ತಮವಾಗಿಯೇ ಬರುತ್ತದೆ, ಆದರೆ ಆ ಮೂಳೆಯ ರಚನೆ ಕೆಟ್ಟಿರುವುದರಿಂದ ಸಾಂದ್ರತೆಗೆ ತಕ್ಕ ಬಲ ಅದಕ್ಕಿರುವುದಿಲ್ಲ. ತಂದೆಯವರಿಗೆ ಕುತ್ತಿಗೆ ತಿರುಗಿಸಲು ಕಷ್ಟ, ಕಾಲಿನಲ್ಲಿ ಜೋಮು, ನಡಿಗೆಯಲ್ಲಿ ಬಿಗಿತ ಇದ್ದರೆ ತಡಮಾಡದೆ ತೋರಿಸಿ; ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿದೆಯೇ ಎಂಬುದು ಎಂಆರ್‌ಐಯಲ್ಲಿ ತಿಳಿಯುತ್ತದೆ. ಮೂತ್ರದ ಫ್ಲೋರೈಡ್ ಪರೀಕ್ಷೆಯನ್ನೂ ಕೇಳಿ. ಮೂಳೆಯಲ್ಲಿ ಆದ ಬದಲಾವಣೆಯನ್ನು ಹಿಂದಕ್ಕೆ ತರುವ ಔಷಧಿಯಿಲ್ಲ, ನೀರು ಬದಲಿಸುವುದೇ ಮೊದಲ ಚಿಕಿತ್ಸೆ.

ಪ್ರಶ್ನೆ (ಪಾವಗಡದ ಮೊದಲ ಸದಸ್ಯರು): ನಮಗೆ ಆರ್‌ಓ ಕೊಳ್ಳುವ ಶಕ್ತಿ ಇಲ್ಲ. ಪಟಿಕ ಹಾಕಿ ಫ್ಲೋರೈಡ್ ತೆಗೆಯಬಹುದು ಎಂದು ಕೇಳಿದ್ದೇನೆ.

ಮೇಡಂ ಉತ್ತರ: ಅದು ನಲಗೊಂಡ ವಿಧಾನ, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ್ದು, ಆಂಧ್ರದ ನಲಗೊಂಡ (ಈಗ ತೆಲಂಗಾಣ) ಹೆಸರಿನಿಂದ ಪ್ರಸಿದ್ಧವಾಯಿತು. ಬಕೆಟ್ ನೀರಿಗೆ ಸುಣ್ಣ, ಪಟಿಕ, ಚೂರು ಬ್ಲೀಚಿಂಗ್ ಪೌಡರ್ ಹಾಕಿ, ಮೊದಲು ಜೋರಾಗಿ ನಂತರ ನಿಧಾನವಾಗಿ ಕಲಕಿ, ಗಂಟೆಗೂ ಹೆಚ್ಚು ಹೊತ್ತು ಬಿಟ್ಟರೆ ಹತ್ತಿಯಂಥ ಗಸಿ ಫ್ಲೋರೈಡನ್ನು ಹಿಡಿದುಕೊಂಡು ತಳ ಸೇರುತ್ತದೆ. ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಪಟಿಕ ಎಷ್ಟು ಎಂಬುದು ನಿಮ್ಮ ನೀರಿನ ಫ್ಲೋರೈಡ್ ಮತ್ತು ಕ್ಷಾರೀಯತೆ ಎರಡನ್ನೂ ಅವಲಂಬಿಸಿದೆ, ಹೆಚ್ಚಾದರೆ ಅಲ್ಯುಮಿನಿಯಂ ನೀರಿನಲ್ಲಿ ಉಳಿಯುತ್ತದೆ. ಆದ್ದರಿಂದ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ವರದಿ ಹಿಡಿದು ಪ್ರಯೋಗಾಲಯಕ್ಕೆ ಹೋಗಿ ಬರೆಸಿಕೊಳ್ಳಿ. ಸಕ್ರಿಯ ಅಲ್ಯುಮಿನಾ ತುಂಬಿದ ಶೋಧಕವೂ ಕೆಲಸ ಮಾಡುತ್ತದೆ, ಆದರೆ ಕೆಲ ತಿಂಗಳಿಗೆ ಅದರ ಹಿಡಿಯುವ ಶಕ್ತಿ ತೀರುತ್ತದೆ, ಆಮೇಲೆ ಕಾಸ್ಟಿಕ್ ಸೋಡಾದಿಂದ ತೊಳೆಸಬೇಕು. ಊರಿಗೆ ಹಾಕಿಸಿದ ಇಂಥ ಶೋಧಕಗಳು ಮೂಲೆಗೆ ಬಿದ್ದಿರುವುದನ್ನು ನಾನು ನೋಡಿದ್ದೇನೆ, ಕಾರಣ ಯಾವಾಗಲೂ ಒಂದೇ: ತೊಳೆಸುವ ಜವಾಬ್ದಾರಿ ಯಾರದೆಂದು ಯಾರೂ ಗೊತ್ತುಮಾಡಿರಲಿಲ್ಲ. ಇವೆರಡೂ ನೈಟ್ರೇಟನ್ನು ತೆಗೆಯುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ (ಕೋಲಾರದಿಂದ): ನಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕವು ಶುದ್ಧ ನೀರನ್ನು ಬೇರ್ಪಡಿಸಿ ಹೊರಹಾಕುವ ತ್ಯಾಜ್ಯ ನೀರು ಚರಂಡಿಯಲ್ಲಿ ಹರಿದು ಕೆರೆ ಸೇರುತ್ತದೆ. ಅದನ್ನು ಇಂಗುಗುಂಡಿಗೆ ಬಿಟ್ಟರೆ ಅಂತರ್ಜಲ ಹೆಚ್ಚುವುದಿಲ್ಲವೇ?

ಉತ್ತರ: ದಯವಿಟ್ಟು ಬಿಡಬೇಡಿ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ಸಾವಿರ ಲೀಟರ್ ಒಳಗೆ ಹೋಗಿ, ಅರ್ಧ ಭಾಗ 0.2 ಮಿಲಿಗ್ರಾಂ ಉಳಿದ ಕುಡಿಯುವ ನೀರಾಗಿ ಹೊರಬಂದರೆ, ಉಳಿದರ್ಧದಲ್ಲಿ ಲೀಟರಿಗೆ 5.8 ಮಿಲಿಗ್ರಾಂ ಇರುತ್ತದೆ. ಅದನ್ನು ಇಂಗಿಸುವುದೆಂದರೆ ಅದೇ ಬೋರ್‌ವೆಲ್‌ಗೆ ಮತ್ತೆ ಉಣಿಸಿದಂತೆ. ಶೌಚಾಲಯಕ್ಕೆ, ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಬಳಸಿ, ದನಗಳಿಗೆ ಕುಡಿಸಬೇಡಿ. ಅವುಗಳ ಹಲ್ಲು ಮೂಳೆಗಳಿಗೂ ಫ್ಲೋರೋಸಿಸ್ ತಗಲುತ್ತದೆ.

ಪಾವಗಡದ ಸದಸ್ಯರು: ಹಾಗಾದರೆ ನಮ್ಮಂಥವರಿಗೆ ದಾರಿ ಯಾವುದು ಮೇಡಂ?

ಉತ್ತರ: ನಿಮ್ಮ ಮನೆಗೆ ಆರ್‌ಸಿಸಿ ತಾರಸಿ ಇದ್ದರೆ ಮಳೆನೀರನ್ನು ಮೊದಲು ಯೋಚಿಸಿ. ತಾರಸಿ ನೂರು ಚದರ ಮೀಟರ್, ಮಳೆ ವರ್ಷಕ್ಕೆ 500 ಮಿಲಿಮೀಟರ್ ಎಂದು ಕಡಿಮೆಯೇ ಹಿಡಿದು, ಐದರಲ್ಲಿ ಒಂದು ಪಾಲು ನಷ್ಟವೆಂದು ಕಳೆದರೂ 40,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,125 ಲೀಟರ್. ಹತ್ತು ಸಾವಿರ ಲೀಟರಿನ, ಬೆಳಕು ಬೀಳದಂತೆ ಮುಚ್ಚಿದ ಸಂಪು ಸಾಕು. ಮೊದಲ ಮಳೆಯ ಧೂಳುನೀರನ್ನು ಹೊರಗೆ ಬಿಡಿ, ಮರಳು ಮತ್ತು ಇದ್ದಿಲಿನ ಶೋಧಕ ಹಾಯಿಸಿ, ಕುಡಿಯುವುದನ್ನು ಕುದಿಸಿ. ಇಲ್ಲಿ ಕುದಿಸುವುದಕ್ಕೆ ಅರ್ಥವಿದೆ, ಏಕೆಂದರೆ ಮಳೆನೀರಿಗೆ ಇರುವ ಭಯ ರೋಗಾಣುವಿನದು. ಮಳೆ ಕೈಕೊಟ್ಟ ವರ್ಷ ಎರಡು ಪಾಲು ಮಳೆನೀರಿಗೆ ಒಂದು ಪಾಲು ನಿಮ್ಮ ಬೋರ್ ನೀರು ಬೆರೆಸಿದರೂ ಫ್ಲೋರೈಡ್ 1ರ ಒಳಗೇ ಇರುತ್ತದೆ.

ಮುಂದಿನ ಪರೀಕ್ಷೆಯನ್ನು ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿ. ಪಂಪನ್ನು ಹತ್ತು ನಿಮಿಷ ಓಡಿಸಿದ ನಂತರ ನೀರು ಹಿಡಿಯಿರಿ. ಗಾಜಿನೊಂದಿಗೆ ಫ್ಲೋರೈಡ್ ವರ್ತಿಸುವುದರಿಂದ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ನೈಟ್ರೇಟ್‌ಗಾಗಿ ಬಾಟಲಿಯನ್ನು ತಂಪಿನಲ್ಲಿಟ್ಟು ಎರಡು ದಿನದೊಳಗೆ ತಲುಪಿಸಿ. ವರದಿ ಬಂದಾಗ ಇಲ್ಲಿಯೇ ಹಾಕಿ, ಬಾವಿಯ ಅಂಕಿ ತಿಪ್ಪೆ ಸರಿಸಿದ ಮೇಲೆ ಇಳಿಯಿತೇ ಎಂದು ನನಗೂ ನೋಡಬೇಕಾಗಿದೆ.