‘ಬಹುತೇಕ ಪೂರ್ಣಗೊಂಡಿದೆ’ ಎಂದು ಬರೆದು ಸಹಿ ಹಾಕಿದರೆ ಅದು ಸುಳ್ಳಾಗುತ್ತದೆಯೇ?

ಪ್ರಶ್ನೆ

ನಾನು ವೈದ್ಯಕೀಯ ಉಪಕರಣ ತಯಾರಿಸುವ ಸಂಸ್ಥೆಯೊಂದರ ತಂತ್ರಾಂಶ ಪರೀಕ್ಷಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದೇನೆ. ರೋಗಿಯ ರಕ್ತನಾಳಕ್ಕೆ ನಿಗದಿತ ವೇಗದಲ್ಲಿ ಔಷಧ ಹರಿಸುವ ಇನ್‌ಫ್ಯೂಷನ್ ಪಂಪ್‌ನ ಹೊಸ ಆವೃತ್ತಿಯ ಪರೀಕ್ಷಾ ವರದಿಗೆ ಈ ವಾರ ನನ್ನ ಸಹಿ ಬೀಳಬೇಕಿದೆ. ಒಟ್ಟು 212 ಪರೀಕ್ಷೆಗಳ ಪೈಕಿ 198 ಮುಗಿದಿವೆ. ಉಳಿದ 14 ಪರೀಕ್ಷೆಗಳು ವಿದ್ಯುತ್ ಹೋಗಿ ಪಂಪ್ ಬ್ಯಾಟರಿಗೆ ಬದಲಾಗುವ ಕ್ಷಣಕ್ಕೆ ಸಂಬಂಧಿಸಿದವು. ಅವುಗಳಿಗೆ ಬೇಕಾದ ಸಲಕರಣೆ ಕೆಟ್ಟು ದುರಸ್ತಿಗೆ ಹೋಗಿರುವುದರಿಂದ ಒಂದನ್ನೂ ನಡೆಸಲಾಗಿಲ್ಲ.

ಮೊದಲು ‘ಪೂರ್ಣಗೊಂಡಿದೆ’ ಎಂದೇ ಬರೆಯುವಂತೆ ಹೇಳಿದ ನನ್ನ ಮ್ಯಾನೇಜರ್, ನಾನು ಒಪ್ಪದಿದ್ದಾಗ, “ಹಾಗಾದರೆ ಬಹುತೇಕ ಪೂರ್ಣಗೊಂಡಿದೆ ಎಂದು ಬರೆಯಿರಿ, ಅದರಲ್ಲಿ ಸುಳ್ಳೇನಿದೆ?” ಎಂದರು. ಲೆಕ್ಕ ಹಾಕಿದರೆ ಅವರ ಮಾತು ನಿಜ. ಆದರೂ ಸಹಿ ಹಾಕಲು ಮನಸ್ಸು ಬರುತ್ತಿಲ್ಲ. ಐದು ವರ್ಷಗಳಿಂದ ನಾನು ಕೆಲಸ ಕಲಿತಿರುವುದು ಅವರ ಕೈಕೆಳಗೇ; ಅವರು ಕೆಟ್ಟವರೆಂದು ನಾನು ಹೇಳಲಾರೆ. ಅವರಿಗೆ ಇದನ್ನು ಹೇಗೆ ಹೇಳಲಿ? ಅವರನ್ನು ಮೀರಿ ಮೇಲಿನವರಿಗೆ ತಿಳಿಸುವುದು ನನ್ನ ಕರ್ತವ್ಯವೇ?

ಮೊದಲ ಉತ್ತರ

ನಿಮ್ಮ ಮನಸ್ಸು ಹಿಂಜರಿಯುತ್ತಿರುವುದಕ್ಕೆ ಸರಿಯಾದ ಕಾರಣವಿದೆ. ಒಂದು ವಾಕ್ಯ ಪ್ರಾಮಾಣಿಕವೋ ಅಲ್ಲವೋ ಎಂಬುದನ್ನು ಅದರ ಪದಗಳನ್ನು ಬಿಡಿಬಿಡಿಯಾಗಿ ತೂಗಿ ನಿರ್ಧರಿಸಲಾಗದು. ಅದನ್ನು ನಂಬಿ ಮುಂದಿನ ಹೆಜ್ಜೆ ಇಡುವವರು ಏನೆಂದು ತಿಳಿದುಕೊಳ್ಳುತ್ತಾರೆ ಎಂಬುದನ್ನೂ ನೋಡಬೇಕು. ‘ಬಹುತೇಕ ಪೂರ್ಣ’ ಎಂದು ಓದಿದವರು ಅಲ್ಲೊಂದು ಇಲ್ಲೊಂದು ಸಣ್ಣಪುಟ್ಟ ಪರೀಕ್ಷೆ ಉಳಿದಿರಬೇಕು ಎಂದುಕೊಳ್ಳುತ್ತಾರೆಯೇ ಹೊರತು, ವಿದ್ಯುತ್ ಹೋದಾಗ ಔಷಧದ ಹರಿವು ಏನಾಗುತ್ತದೆ ಎಂಬುದನ್ನು ಯಾರೂ ಪರೀಕ್ಷಿಸಿಯೇ ಇಲ್ಲ ಎಂದು ಊಹಿಸುವುದಿಲ್ಲ.

ಮ್ಯಾನೇಜರ್ ಬಳಿ ಬರಿಗೈಯಲ್ಲಿ ಹೋಗದೆ, ಬದಲಿ ವಾಕ್ಯವನ್ನು ಬರೆದುಕೊಂಡೇ ಹೋಗಿ. ಉದಾಹರಣೆಗೆ: “212ರಲ್ಲಿ 198 ಪರೀಕ್ಷೆಗಳು ಮುಗಿದಿವೆ. ಬ್ಯಾಟರಿ ಬದಲಾವಣೆಗೆ ಸಂಬಂಧಿಸಿದ 14 ಪರೀಕ್ಷೆಗಳನ್ನು ಸಲಕರಣೆ ಲಭ್ಯವಿಲ್ಲದ ಕಾರಣ ನಡೆಸಿಲ್ಲ. ಆ ಸಂದರ್ಭದಲ್ಲಿ ಪಂಪ್ ಹೇಗೆ ವರ್ತಿಸುತ್ತದೆ ಎಂಬುದು ಈ ವರದಿಯಿಂದ ತಿಳಿಯುವುದಿಲ್ಲ.” ಇದರಲ್ಲಿ ಯಾರ ಮೇಲೂ ಆರೋಪವಿಲ್ಲ, ಯಾವುದನ್ನೂ ಮುಚ್ಚಿಟ್ಟೂ ಇಲ್ಲ.

ಇನ್ನೊಂದು ವಿಷಯ. ವೈದ್ಯಕೀಯ ಉಪಕರಣಗಳ ತಂತ್ರಾಂಶಕ್ಕೆ ಸಂಬಂಧಿಸಿದ ಐಇಸಿ 62304 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಬಿಡುಗಡೆಗೆ ಮುನ್ನ ಪರಿಶೀಲನೆ ಮುಗಿದಿರಬೇಕು ಮತ್ತು ತಿಳಿದೂ ಉಳಿದಿರುವ ದೋಷಗಳು ದಾಖಲಾಗಿರಬೇಕು. ಆದ್ದರಿಂದ ನೀವು ಕೇಳುತ್ತಿರುವುದು ನಿಮ್ಮ ಸ್ವಂತ ಹಟವಲ್ಲ, ಆ ಕೆಲಸದ ನಿಯಮವೇ ಅದು. ಮಾತು ಅಲ್ಲಿಂದ ಶುರುವಾದರೆ ಇಬ್ಬರಿಗೂ ಹಗುರವಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ನಿಮ್ಮ ಮ್ಯಾನೇಜರ್ ಮುಂದೆ ಕೇಳಬಹುದಾದ ಪ್ರಶ್ನೆಯೊಂದಕ್ಕೆ ನೀವು ಈಗಲೇ ಸಿದ್ಧರಾಗಬೇಕು: “ಆ 14 ಪರೀಕ್ಷೆಗಳಲ್ಲಿ ದೋಷ ಕಾಣಿಸುತ್ತದೆ ಎನ್ನಲು ನಿಮ್ಮಲ್ಲಿ ಆಧಾರವೇನು?”

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ ಅದರಲ್ಲಿದ್ದ ಏಳು ಮಂದಿ ಪ್ರಾಣ ಕಳೆದುಕೊಂಡರು. ಅದರ ಹಿಂದಿನ ರಾತ್ರಿ, ಬೂಸ್ಟರ್ ರಾಕೆಟ್ ತಯಾರಿಸಿದ್ದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರ್‌ಗಳು, ಚಳಿಗೆ ರಾಕೆಟ್‌ನ ಕೀಲುಗಳಲ್ಲಿರುವ ರಬ್ಬರ್ ಉಂಗುರಗಳು ಗಡುಸಾಗಿಬಿಟ್ಟು ಬಿಸಿ ಅನಿಲವನ್ನು ತಡೆಯಲಾರವು, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ತಾಪಮಾನದಲ್ಲಿ ಉಡಾವಣೆ ಬೇಡ ಎಂದು ದೂರವಾಣಿ ಸಭೆಯಲ್ಲಿ ವಾದಿಸಿದ್ದರು. ಅವರಲ್ಲೊಬ್ಬರಾದ ರೋಜರ್ ಬೋಜೋಲಿ 1985ರ ಜುಲೈನಲ್ಲೇ ಈ ಬಗ್ಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಆ ರಾತ್ರಿ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್‌ನ ಟೋಪಿ ತೆಗೆದಿಟ್ಟು ಮ್ಯಾನೇಜರ್‌ನ ಟೋಪಿ ಹಾಕಿಕೊಳ್ಳುವಂತೆ ಹೇಳಿದರು, ಶಿಫಾರಸು ತಿರುವುಮುರುವಾಯಿತು. ಸುರಕ್ಷಿತವೆಂದು ತೋರಿಸಿ ಎನ್ನಬೇಕಾದಲ್ಲಿ, ಕೆಡುತ್ತದೆಂದು ಸಾಬೀತುಪಡಿಸಿ ಎನ್ನುವ ಸ್ಥಿತಿ ಬಂದಿತ್ತು.

ಇದರಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಹಿಂದಿನ ಉಡಾವಣೆಗಳಲ್ಲಿ ಉಂಗುರಕ್ಕೆ ಹಾನಿಯಾದವುಗಳನ್ನು ಮಾತ್ರ ತಾಪಮಾನದೊಂದಿಗೆ ಹೋಲಿಸಿ ನೋಡಲಾಗಿತ್ತು. ಹಾಗೆ ನೋಡಿದಾಗ ಸಂಬಂಧ ಸ್ಪಷ್ಟವಾಗುವುದಿಲ್ಲ. ಹಾನಿಯಾಗದವುಗಳನ್ನೂ ಸೇರಿಸಿದ ಮೇಲೆ ತನಿಖಾ ಆಯೋಗಕ್ಕೆ ಕಂಡದ್ದು ಇದು: 66 ಡಿಗ್ರಿ ಅಥವಾ ಹೆಚ್ಚಿದ್ದ 20 ಉಡಾವಣೆಗಳಲ್ಲಿ ಹಾನಿಯಾದದ್ದು ಮೂರರಲ್ಲಿ ಮಾತ್ರ, 63 ಡಿಗ್ರಿ ಅಥವಾ ಕಡಿಮೆಯಿದ್ದ ನಾಲ್ಕರಲ್ಲಿ ನಾಲ್ಕರಲ್ಲೂ. ಮುಗಿದ 198ನ್ನೂ ಉಳಿದ 14ನ್ನೂ ಒಂದೇ ಕೋಷ್ಟಕದಲ್ಲಿ, ಯಾವುದು ಯಾವ ವಿಷಯದ್ದು ಎಂಬ ವಿವರದೊಂದಿಗೆ ಇಡಿ ಎಂದು ನಾನು ಹೇಳುತ್ತಿರುವುದು ಇದಕ್ಕಾಗಿಯೇ.

ಆಧಾರವೇನು ಎಂದು ಕೇಳಿದಾಗ ನಿಮ್ಮ ಉತ್ತರ ಇಷ್ಟೇ ಇರಲಿ: “ದೋಷವಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ಹೇಳಲು ನನ್ನ ಬಳಿ ಏನೂ ಇಲ್ಲ.”

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದು ಮಾತನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕಳೆದ ತಿಂಗಳ ಪ್ರಗತಿ ವರದಿಯಲ್ಲಿ ‘ಬಹುತೇಕ ಪೂರ್ಣ’ ಎಂಬ ಪದವನ್ನು ಬಳಸಿದವನು ನಾನೇ. ಆಗ ಅದು ನನಗೆ ತಪ್ಪೆನಿಸಿರಲಿಲ್ಲ. ಈಗ ತಿದ್ದಲು ಹೋದರೆ ನನ್ನದೇ ಮಾತನ್ನು ನಾನು ಅಲ್ಲಗಳೆದಂತಾಗುತ್ತದೆ.

ಮೂರನೆಯ ಉತ್ತರ

ನಾನು ಹಲವು ವರ್ಷ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತವಳು, ಆ ಕಡೆಯಿಂದ ಹೇಳುತ್ತೇನೆ. ಒಮ್ಮೆ ಗ್ರಾಹಕರಿಗೆ ದಿನಾಂಕ ಕೊಟ್ಟುಬಿಟ್ಟಿದ್ದ ನಾನು, ಕಿರಿಯ ಸಹೋದ್ಯೋಗಿಯೊಬ್ಬರಿಗೆ ನಿಮ್ಮ ಮ್ಯಾನೇಜರ್ ಹೇಳಿದಂಥದೇ ಮಾತು ಹೇಳಿದ್ದೆ. ಅವರು ಬಾಗಿಲು ಮುಚ್ಚಿ, ಎದುರಿಗೆ ಕುಳಿತು, “ಮೇಡಂ, ಈ ಸಾಲನ್ನು ಗ್ರಾಹಕರ ಮುಂದೆ ನೀವೇ ಜೋರಾಗಿ ಓದಿ ಹೇಳಬಲ್ಲಿರಾ?” ಎಂದು ಮೆಲ್ಲನೆ ಕೇಳಿದರು. ನನ್ನಿಂದ ಆಗಲಿಲ್ಲ. ತುಂಬಿದ ಸಭೆಯಲ್ಲಿ ಕೇಳಿದ್ದರೆ ನಾನು ಖಂಡಿತ ಸಮರ್ಥಿಸಿಕೊಳ್ಳುತ್ತಿದ್ದೆ. ಆದ್ದರಿಂದ ಮೊದಲು ಅವರೊಬ್ಬರ ಬಳಿಯೇ ಮಾತನಾಡಿ, ಮಾತಾದದ್ದನ್ನು ಅದೇ ದಿನ ನಾಲ್ಕು ಸಾಲಿನ ಇಮೇಲ್‌ನಲ್ಲಿ ಅವರಿಗೇ ಬರೆದು ಕಳುಹಿಸಿ. ಆಮೇಲೂ ಅವರು ಒಪ್ಪದಿದ್ದರೆ ಗುಣಮಟ್ಟ ವಿಭಾಗಕ್ಕೆ ಹೋಗಿ, ಹೋಗುತ್ತಿದ್ದೇನೆಂದು ಅವರಿಗೆ ಮೊದಲೇ ಹೇಳಿ. ವಿಷಯ ರೋಗಿಯ ಜೀವದ್ದಾಗಿರುವಾಗ ಇದು ಕರ್ತವ್ಯವೇ.

ಹಳೆಯ ಪದದ ಬಗ್ಗೆ ಕೊರಗಬೇಡಿ, ತಿದ್ದಿ. “ಕಳೆದ ತಿಂಗಳು ನಾನು ಬಳಸಿದ ಪದದಿಂದ ತಪ್ಪು ಅರ್ಥ ಬರುತ್ತಿತ್ತು” ಎಂಬ ಒಂದೇ ಸಾಲು ಸಾಕು. ಮ್ಯಾನೇಜರ್‌ಗೂ ಅದು ದಾರಿ ಮಾಡಿಕೊಡುತ್ತದೆ, ಏಕೆಂದರೆ ಮೊದಲ ತಪ್ಪನ್ನು ನೀವು ನಿಮ್ಮ ಮೇಲೇ ಹಾಕಿಕೊಂಡಿರುತ್ತೀರಿ.

ಪ್ರಶ್ನೆ ಕೇಳಿದವರು

ಈ ದಿನ ಬೆಳಿಗ್ಗೆ ತಿದ್ದುಪಡಿ ಕಳುಹಿಸಿ, ಅನಂತರ ಅವರ ಕೋಣೆಗೆ ಹೋಗಿ ಮಾತನಾಡಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ಸಲಕರಣೆ ಯಾವಾಗ ಬರುತ್ತದೆ ಎಂದು ಕೇಳಿ, ದುರಸ್ತಿಯವರಿಗೆ ತಾವೇ ಕರೆ ಮಾಡಿದರು. ವರದಿಯ ಬಗ್ಗೆ ಇನ್ನೂ ತೀರ್ಮಾನ ಹೇಳಿಲ್ಲ. ನಾನು ಸಹಿ ಹಾಕಿಲ್ಲ.